ಮೂರನೆಯ ಸಾಲಿನ ನಂತರ

ಮೂರನೆಯ ಸಾಲು ಮುಗಿಯುತ್ತಿದ್ದಂತೆ ತಾಳದ ಮೆಷಿನ್ ಮುಂದೆ ಹೋಯಿತು, ಆರ್ಗನ್ ಹಿಂದೆ ಉಳಿಯಿತು. ಮಗ ಗಿಟಾರಿನ ತಂತಿಗಳ ಮೇಲೆ ಅಂಗೈ ಒತ್ತಿ ಹಾಡು ನಿಲ್ಲಿಸಿದ. ಖಾಲಿ ಚರ್ಚಿನಲ್ಲಿ ಮೆಷಿನ್ನಿನ ಡ್ರಮ್ ಸದ್ದು ಮಾತ್ರ ಯಾರ ಹಂಗೂ ಇಲ್ಲದೆ ಇನ್ನೂ ಸ್ವಲ್ಪ ದೂರ ನಡೆದು, ಅವನು ಗುಂಡಿ ಒತ್ತಿದ ಮೇಲೆ ಸುಮ್ಮನಾಯಿತು.

"ಅಪ್ಪಾ, ಮತ್ತೆ ಅಲ್ಲೇ ನಿಂತುಬಿಟ್ರಿ."

"ಹೌದಲ್ಲ," ಎಂದರು ಅಪ್ಪ, ತಪ್ಪು ಬೇರೆ ಯಾರದೋ ಎಂಬಂತೆ ಆರ್ಗನ್ನಿನ ಬಿಳಿ ಕೀಗಳನ್ನು ನೋಡುತ್ತಾ.

"ಇದು ಯಾರಿಗೂ ಕಾಯಲ್ಲ. ಇದಕ್ಕೇನು ಕಿವಿ ಇದ್ಯಾ? ನಾವೇ ಇದರ ಜೊತೆ ಹೋಗ್ಬೇಕು."

ವಾರವೆಲ್ಲ ಗಡಿಯಾರ ರಿಪೇರಿ ಮಾಡುವ ಮನುಷ್ಯ ಅವರು. ಭಾನುವಾರ ಆರ್ಗನ್ ನುಡಿಸುತ್ತಾರೆ. "ಊರಿನ ವಾಚಿಗೆಲ್ಲ ಟೈಮ್ ಕಲಿಸ್ತಾರೆ, ಆರ್ಗನ್ ಮುಂದೆ ಕೂತ್ರೆ ತಾವೇ ಲೇಟು" ಎಂದು ಚರ್ಚಿನ ಬಾಗಿಲಲ್ಲಿ ಗೇಲಿ ಮಾಡುವವನು ದಪ್ಪ ದನಿಯ ದರ್ಜಿ. ಈ ಮಹಾನುಭಾವ ಮೊದಲ ಹಾಡಿಗೆ ಬಂದದ್ದನ್ನು ಕಂಡವರಿಲ್ಲ.

ಅಪ್ಪ ತಡೆದು ನಿಲ್ಲುವುದೇಕೆ ಎಂಬುದು ಗುಟ್ಟೇನಲ್ಲ. ಅವರ ಹೆಂಡತಿಗೆ ಚಿಕ್ಕಂದಿನ ಕಾಯಿಲೆಯಿಂದ ಒಂದು ಶ್ವಾಸಕೋಶ ಅರ್ಧ ಕೆಲಸ ಮಾತ್ರ ಮಾಡುತ್ತಿತ್ತು. ಹಾಗೆಂದು ಹಾಡದೆ ಬಿಡುವ ಹೆಂಗಸಲ್ಲ ಆಕೆ. ಆರ್ಗನ್ನಿನ ಪಕ್ಕದ ಮೊದಲ ಬೆಂಚಿನಲ್ಲಿ ಆಗಿನ್ನೂ ಪುಟ್ಟವನಾಗಿದ್ದ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತು ಮೂರು ಸಾಲು ಹಾಡುವರು. ಆಮೇಲೆ ಬೆಂಚಿನ ಅಂಚು ಹಿಡಿದು ಉಸಿರೆಳೆದುಕೊಳ್ಳುವರು. ಅಷ್ಟು ಹೊತ್ತೂ ಅಪ್ಪ ಕೆಳಗಿನ ಹಲಗೆಗಳನ್ನು ತುಳಿದು ಆರ್ಗನ್ನಿಗೆ ಗಾಳಿ ತುಂಬುತ್ತಾ, ಮೂರನೆಯ ಸಾಲಿನ ಕೊನೆಯ ಸ್ವರವನ್ನು ಹಿಡಿದೇ ಇರುವರು. ಆಕೆ ತಲೆಯಾಡಿಸಿದ ಮೇಲೆ ನಾಲ್ಕನೆಯ ಸಾಲು. ಮದುವೆಯ ಹಾಡಿಗೂ ಅದೇ, ಮಣ್ಣು ಮಾಡುವಾಗಿನ ಹಾಡಿಗೂ ಅದೇ. ಹೊಸಬರು ಅವಸರದಲ್ಲಿ ನಾಲ್ಕನೆಯ ಸಾಲಿಗೆ ನುಗ್ಗಿ, ತಮ್ಮದೊಂದೇ ದನಿ ಕೇಳಿ ನಾಚಿಕೊಂಡು ನಿಲ್ಲಿಸುತ್ತಿದ್ದರು. ಹೋದ ವರ್ಷ ಆಕೆ ತೀರಿಕೊಂಡರು. ಅಪ್ಪ ಕಾಯುವುದನ್ನು ಬಿಡಲಿಲ್ಲ.

ನಾಳೆಯ ಆರಾಧನೆಗೆ ಅಕ್ಕಪಕ್ಕದ ಸಭೆಗಳವರೂ ಬರುವವರಿದ್ದರು. ಹಾಡಿನ ಜವಾಬ್ದಾರಿಯನ್ನೆಲ್ಲ ಪಾಸ್ಟರ್ ಮೊದಲ ಬಾರಿಗೆ ಮಗನಿಗೆ ವಹಿಸಿದ್ದರು. ನಾಲ್ಕು ಜನರ ಮುಂದೆ ನಗೆಪಾಟಲಾದರೆ ಏನು ಗತಿ ಎಂದು ಅವನಿಗೆ ಹೆದರಿಕೆಯಿತ್ತು.

"ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ ಅಪ್ಪ. ಇವಳು ಕೀಬೋರ್ಡ್ ನುಡಿಸ್ತಾಳೆ." ಪಕ್ಕದಲ್ಲಿದ್ದ ಅವನ ಹೆಂಡತಿ ಬೇಡವೆಂದು ಕಣ್ಣಲ್ಲೇ ಹೇಳಿದಳು. ಅವನಿಗೆ ತಡೆಯಲಾಗಲಿಲ್ಲ. "ಅಮ್ಮ ಇಲ್ಲ ಈಗ. ಇನ್ನೂ ಯಾರಿಗೋಸ್ಕರ ಕಾಯ್ತೀರಾ?"

ಅಂದ ಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅಪ್ಪ ಆರ್ಗನ್ನಿನ ಮುಚ್ಚಳ ಮುಚ್ಚಿ, ಅದರ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸಿದರು.

ಸಂಜೆ ಮಗ ಇನ್ನೂ ಚರ್ಚಿನಲ್ಲಿ ವೈರು ಎಳೆಯುತ್ತಿದ್ದ. ಅಡುಗೆಮನೆಯಲ್ಲಿ ಸೊಸೆ ಬಟಾಣಿ ಬಿಡಿಸುತ್ತಿದ್ದಳು. ಎದುರಿಗೆ ಕೂತ ಅಪ್ಪ ಗೋಡೆ ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ ಮೇಜಿನ ಅಂಚಿನ ಮೇಲೆ ಬೆರಳಾಡಿಸುತ್ತಿದ್ದರು.

"ಬಂತಾ ಮಾವ?"

"ಕೈ ಹೇಳಿದ ಮಾತು ಕೇಳುತ್ತೆ ಕಣಮ್ಮ. ಈ ಕಾಲು ನೋಡು."

ಅವಳು ಬಗ್ಗಿ ನೋಡಿದಳು. ಬೆರಳು ಮುಂದಿನ ಸಾಲಿಗೆ ಹೋಗಿದ್ದರೂ ಚಪ್ಪಲಿ ಹಾಕಿದ ಪಾದ ಇನ್ನೂ ಹಿಂದೆಯೇ ನಿಂತು ಗಾಳಿ ತುಂಬುತ್ತಿತ್ತು. ಅವಳಿಗೆ ನಗು ಬಂತು. ಅವರೂ ನಕ್ಕರು. ನಗುತ್ತಿದ್ದಂತೆಯೇ ಅವರ ಕಣ್ಣು ತುಂಬಿಕೊಂಡಿತು.

"ಅವಳ ಬಟ್ಟೆ ಎಲ್ಲಾ ಕೊಟ್ಟಾಯ್ತು. ಕನ್ನಡಕನೂ ಯಾರಿಗೋ ಆಯ್ತು. ಅವಳು ಬಂದು ನಿಂತ್ಕೊಳ್ಳೋಕೆ ಅಂತ ಹಾಡಲ್ಲಿ ಅದೊಂದು ಜಾಗ ಇತ್ತು. ಅದನ್ನೂ ಮುಚ್ಚಿಬಿಟ್ರೆ ಅವಳು ಎಲ್ಲಿಗೆ ಬರ್ತಾಳೆ ಹೇಳು?"

ಸೊಸೆಗೆ ಬಟಾಣಿ ಕಾಣಿಸದಂತಾಯಿತು. "ಆಗಲ್ಲ ಅಂತ ಹೇಳಿಬಿಡಿ ಮಾವ. ಇವರಿಗೆ ನಾನು ಹೇಳ್ತೀನಿ."

"ಬೇಡ ಬೇಡ. ಅವನೂ ಅವಳ ಮಗನೇ ಅಲ್ವಾ. ದೊಡ್ಡವನಾದ ಮೇಲೆ ನನ್ನ ಹತ್ರ ಏನನ್ನೂ ಕೇಳಿದವನಲ್ಲ. ಇದೊಂದು ಕೇಳಿದಾನೆ." ಬಟಾಣಿ ಸಿಪ್ಪೆಯ ರಾಶಿಯ ಮುಂದೆಯೇ ಅವರು ತಲೆ ತಗ್ಗಿಸಿ ಕೈ ಮುಗಿದರು. "ಕರ್ತನೇ, ನಾಳೆ ಈ ಕಾಲನ್ನ ನೀನೇ ನೋಡ್ಕೋಬೇಕು."

ಭಾನುವಾರ ಚರ್ಚು ಕಿಕ್ಕಿರಿದಿತ್ತು. ದರ್ಜಿ ಕೂಡ ಮೊದಲೇ ಬಂದು ಕೂತಿದ್ದ, ಇದಕ್ಕಿಂತ ದೊಡ್ಡ ಅದ್ಭುತ ಬೇಕೆ. ಮಗ ಮೈಕಿನ ಮುಂದೆ ನಿಂತು ಗುಂಡಿ ಒತ್ತಿದ. ಅಪ್ಪ ಮೊದಲ ಬೆಂಚಿನ ಕಡೆ ನೋಡಲಿಲ್ಲ. ಹಲ್ಲು ಕಚ್ಚಿಕೊಂಡು ಬೆರಳುಗಳನ್ನೇ ನೋಡುತ್ತಾ ನುಡಿಸಿದರು. ಒಂದನೆಯ ಸಾಲು, ಎರಡನೆಯದು, ಮೂರನೆಯದು. ಮೂರನೆಯದು ಮುಗಿಯಿತು. ಅವರು ನಿಲ್ಲಲಿಲ್ಲ. ಕೂದಲೆಳೆಯಷ್ಟೂ ಆಚೀಚೆಯಾಗದೆ ನಾಲ್ಕನೆಯ ಸಾಲಿಗೆ ಹೋದರು.

ಹಾಡು ಮಾತ್ರ ಬರಲಿಲ್ಲ.

ಇಡೀ ಸಭೆ ಹಾಡು ನಿಲ್ಲಿಸಿಬಿಟ್ಟಿತ್ತು. ದರ್ಜಿಯ ಬಾಯಿ ಮುಚ್ಚಿತ್ತು. ಮುದುಕಿಯರು, ಮಕ್ಕಳು, ಬೆಂಚು ಬೆಂಚಿನಲ್ಲೂ ಜನ ಪುಸ್ತಕ ಹಿಡಿದು ಕಾಯುತ್ತಿದ್ದರು. ಬಂದಿದ್ದ ಬೇರೆ ಸಭೆಯವರು ಎರಡು ಮಾತು ಹಾಡಿ, ಗಾಬರಿಯಾಗಿ ಅಕ್ಕಪಕ್ಕ ನೋಡಿ ಸುಮ್ಮನಾದರು. ಆರ್ಗನ್ನೂ ಮೆಷಿನ್ನೂ ಎರಡೇ ನಡೆದವು.

ಕೆಟ್ಟೆನಲ್ಲ ಎಂದುಕೊಂಡರು ಅಪ್ಪ. ಮಗನ ಮುಖ ನೋಡಲು ಧೈರ್ಯ ಸಾಲದೆ ಮೊದಲು ಕಿವಿಗೊಟ್ಟರು. ಸ್ಪೀಕರಿನಲ್ಲಿ ಅವನ ದನಿಯೂ ಇರಲಿಲ್ಲ. ತಲೆಯೆತ್ತಿದರು. ಮೈಕಿನ ಮುಂದೆ ಮಗ ಒಂದು ಕೈಯಲ್ಲಿ ಮೈಕಿನ ಕಂಬ ಹಿಡಿದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದ. ಅಮ್ಮನ ಸೊಂಟದ ಮೇಲೆ ಕೂತು ಹಾಡು ಕಲಿತವನು ಮೂರು ಸಾಲಾದ ಮೇಲೆ ಹೀಗೆ ನಿಲ್ಲುವುದನ್ನೂ ಅಲ್ಲೇ ಕಲಿತಿದ್ದ.

ಕಣ್ಣು ತೆರೆದಾಗ ಅವನಿಗೆ ತಾನೂ ಹಾಡು ನಿಲ್ಲಿಸಿರುವುದು ಗೊತ್ತಾಯಿತು. ಒಂದು ಗಳಿಗೆ ಕಕ್ಕಾಬಿಕ್ಕಿಯಾದ. ನಂತರ ಬಗ್ಗಿ ಗುಂಡಿ ಒತ್ತಿದ. ಮೆಷಿನ್ ನಿಂತಿತು.

ಅಪ್ಪನ ಕೈ ತಾನಾಗಿ ಹಿಂದಕ್ಕೆ ಬಂದು ಮೂರನೆಯ ಸಾಲಿನ ಕೊನೆಯ ಸ್ವರವನ್ನು ಹಿಡಿಯಿತು. ಕಾಲು ತುಳಿಯುತ್ತಲೇ ಇತ್ತು. ಮಗ ಮೊದಲ ಬೆಂಚಿನತ್ತ ನೋಡಿದ, ಆಮೇಲೆ ಅಪ್ಪನ ಕಡೆ ತಿರುಗಿ ತಲೆಯಾಡಿಸಿದ.