ಗಂಗೂ ಅಳುವುದಿಲ್ಲ

ಅಕ್ಕನಿಗೆ ತೊಡಿಸಲು ಹೋಗಿ ಹೀರಾ ಇನ್ನೊಂದು ಬಳೆಯನ್ನೂ ಒಡೆದಳು. ಅಕ್ಕನ ಬಲಗೈಯ ಬೆರಳುಗಳು ಒಳಕ್ಕೆ ಮಡಚಿ ಹಾಗೆಯೇ ಗಟ್ಟಿಯಾಗಿದ್ದವು. ಹಸಿರು ಗಾಜಿನ ಬಳೆ ಗೆಣ್ಣಿನ ತನಕ ಬಂದು ಸಿಕ್ಕಿಕೊಳ್ಳುತ್ತಿತ್ತು.

"ಭಾವಾ, ಎಡಗೈಗೆ ಮಾತ್ರ ಹಾಕಿ ಬಿಡೂದಾ?"

ಗೋಡೆಗೆ ಒರಗಿ ಕೂತಿದ್ದ ತುಳಸಿದಾಸರು ಎದ್ದು ಒಳಗೆ ಹೋಗಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದರು. ಹೆಂಡತಿಯ ಪಕ್ಕ ಚಾಪೆಯ ಮೇಲೆ ಕುಳಿತು, ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟಿನಿಂದ ಕೆಳಕ್ಕೆ ತಿಕ್ಕುತ್ತ ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಬಿಡಿಸಿದರು. ಲಕ್ವ ಹೊಡೆದಂದಿನಿಂದ ದಿನಾ ಬೆಳಿಗ್ಗೆ ಮಾಡುತ್ತ ಬಂದ ಕೆಲಸ. ಹೆಬ್ಬೆರಳು ಯಾವಾಗಲೂ ಕೊನೆಗೆ.

"ಈಗ ಹಾಕು," ಎಂದರು.

ಬಳೆ ಒಳಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಹಬ್ಬುವಾಡ ಕೇರಿಯ ಹೆಂಗಸರು ಸೆರಗು ಬಾಯಿಗೆ ಹಿಡಿದರು. ತುಳಸಿದಾಸರು ಈಗಲಾದರೂ ಅಳುತ್ತಾರೆ ಎಂದು ಅವರು ಕಾದಿದ್ದರು. ಅವರು ಎಣ್ಣೆಯ ಬಟ್ಟಲು ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಬೂದಿ ಹಾಕಿ ತಿಕ್ಕಿ ತೊಳೆದು ಕವುಚಿ ಇಟ್ಟು ಬಂದರು.

ಹೆಂಡತಿ ವೈಜಯಂತಿಯ ಜೀವ ಹೋದದ್ದು ಬೆಳಗಿನ ಚಾ ಹೊತ್ತಿಗೆ. ಎರಡು ಚಮಚ ಕುಡಿದಿದ್ದಳು. ಮೂರನೆಯದು ಬಾಯಿಯ ಅಂಚಿನಿಂದ ಹೊರಗೆ ಬಂತು. ತುಳಸಿದಾಸರು ಒರೆಸಿ, ಇನ್ನೊಂದು ಚಮಚ ಹಿಡಿದು ಸುಮಾರು ಹೊತ್ತು ಕೂತಿದ್ದರು. ಬೇಲಿಯಾಚೆಯ ಚಂಪಾ ಅಬ್ಬಲಿಗೆ ಹೂ ಕೊಡಲು ಬಂದಾಗ, "ತುಳಸಣ್ಣಾ, ಚಮಚ ಕೆಳಗೆ ಇಡಿ," ಎಂದು ಅವಳೇ ಹೇಳಬೇಕಾಯಿತು.

ಮಡಗಾಂವ್‌ನಲ್ಲಿದ್ದ ಮಗಳು ಯೋಗಿತಾ ಸಿಕ್ಕಿದ ರೈಲು ಹಿಡಿದು ಬಂದಳು. ಬಂದವಳೇ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿ ಗುಡಿಸಿದಳು, ಅಂಕೋಲೆಯ ನೆಂಟರಿಗೆ ಫೋನು ಮಾಡಿದಳು, ಭಟ್ಟರಿಗೆ ಬೇಕಾದದ್ದನ್ನು ಒಟ್ಟುಮಾಡಿದಳು. ಅವಳ ಕಣ್ಣೂ ಒಣಗಿಯೇ ಇತ್ತು.

ಹನ್ನೊಂದರ ಸುಮಾರಿಗೆ ಅಂಕೋಲೆಯಿಂದ ನಿವೃತ್ತ ಹೆಡ್‌ಮಾಸ್ತರ ಮಧುಕೇಶ್ವರ ಹೆಗಡೆಯವರು ಹಾರ ಹಿಡಿದುಕೊಂಡು ಬಂದರು. ವೈಜಯಂತಿಯ ಎರಡು ಕಾದಂಬರಿಗಳಿಗೆ ಮುನ್ನುಡಿ ಬರೆದವರು. ಹಾರ ಹಾಕಿ, ಕೈಮುಗಿದು, ತುಳಸಿದಾಸರ ಪಕ್ಕದ ಬೆಂಚಿನಲ್ಲಿ ಕೂತರು.

"ಧಾರಾವಾಹಿಯ ಕಳೆದ ವಾರದ ಕಂತನ್ನ ಎರಡು ಸಲ ಓದಿದೆ ನಾನು," ಎಂದರು. "ಗಂಡ ತೀರಿದ ಮರುದಿನ ಗಂಗೂ ನಲ್ಲಿಗೆ ಎರಡು ಕೊಡ ತಗೊಂಡು ಹೋಗ್ತಾಳಲ್ಲ. ಒಂದು ತುಂಬಿಸ್ತಾಳೆ. ಇನ್ನೊಂದನ್ನ ನೋಡ್ತಾಳೆ. ಆಮೇಲೆ ಅದನ್ನೂ ತುಂಬಿಸ್ಕೊಂಡು ಬರ್ತಾಳೆ. ಅಷ್ಟೇ. ಇಷ್ಟು ಕಾಯಿಲೆಯಲ್ಲಿ ಹೇಗೆ ಬರೆದ್ರೋ. ಬೇರೆ ಕೈಗೆ ಸಾಧ್ಯ ಇಲ್ಲ ಅದು."

ಹೂ ಬಿಡಿಸುತ್ತಿದ್ದ ಚಂಪಾ ತಲೆಯೆತ್ತಿ ತುಳಸಿದಾಸರನ್ನು ನೋಡಿದಳು.

"ಚಂಪಾನ ಮನೇಲಿ ಚಾ ಮಾಡಿದಾರೆ," ಎಂದರು ತುಳಸಿದಾಸರು. "ಕುಡೀರಿ. ಬಿಸಿಲಲ್ಲಿ ಬಂದೀರಿ."

*

ತುಳಸಿದಾಸರು ಬೈತಖೋಲದ ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮನೆಯ ಮಾತು ಕೊಂಕಣಿ. ಅಂಕೋಲೆಯಿಂದ ಮದುವೆಯಾಗಿ ಬಂದ ವೈಜಯಂತಿ ಅಲ್ಲಿಯ ಕನ್ನಡವನ್ನೂ ತಂದಳು. ಕೆಲವು ವರ್ಷಗಳಲ್ಲಿ ಆ ಮನೆಯೂ ಅದನ್ನೇ ಆಡತೊಡಗಿತು.

ಅವಳು ಬರೆಯುತ್ತಿದ್ದುದು ಮಧ್ಯಾಹ್ನ, ಊಟದ ಪಾತ್ರೆ ತೊಳೆದಾದ ಮೇಲೆ, ಹಿತ್ತಿಲ ಕಟ್ಟೆಯಲ್ಲಿ. ಬರೆಯುವುದಕ್ಕಿಂತ ಮಾತಾಡುವುದೇ ಹೆಚ್ಚು. ಅತ್ತೆಯಾಗಿ ಒಂದು ಮಾತು, ಸೊಸೆಯಾಗಿ ಒಂದು ಮಾತು. ಎರಡೂ ಸರಿ ಕೇಳಿಸಿದ ಮೇಲೆ ಕಾಗದಕ್ಕೆ ಇಳಿಸುತ್ತಿದ್ದಳು. ವಾರಪತ್ರಿಕೆಗೆ ಒಂದಾದ ಮೇಲೊಂದು ಧಾರಾವಾಹಿ. ಕೆಲವು ಪುಸ್ತಕವಾದವು, ಕೆಲವು ಆಗಲಿಲ್ಲ. ತುಳಸಿದಾಸರು ಒಂದನ್ನೂ ಓದಿದವರಲ್ಲ. ಕಚೇರಿಯಿಂದ ಬಂದು ಕಾಲು ತೊಳೆಯುವಾಗ ಅವಳು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು.

ಗಂಗೂನ ಕತೆ ಹುಟ್ಟಿದ್ದು ನೌಕಾನೆಲೆಗಾಗಿ ಚೆಂಡಿಯಾ ಊರಿನ ಕಡೆಯವರನ್ನು ಒಕ್ಕಲೆಬ್ಬಿಸುತ್ತಿದ್ದ ಕಾಲದಲ್ಲಿ. ವೈಜಯಂತಿ ಬಸ್ಸು ಹಿಡಿದು ಹೋಗಿ ಅಲ್ಲಿಯವರ ಅಂಗಳದಲ್ಲಿ ಕೂತು ಬರುತ್ತಿದ್ದಳು. ಬರೆಯಲು ಶುರುಮಾಡಿದ್ದು ಮಾತ್ರ ಎಷ್ಟೋ ವರ್ಷದ ಮೇಲೆ.

"ಹೋಯ್, ನಾಳೆ ಮನೆ ಬಿಟ್ಟು ಹೋಗಬೇಕು ಅಂದ್ರೆ ಗಂಗೂ ಹಿಂದಿನ ದಿನ ಎಂತ ಮಾಡ್ತಾಳೆ?" ಎಂದು ಆಗಲೇ ಒಂದು ಸಂಜೆ ಕೇಳಿದ್ದಳು.

"ಸಾಮಾನು ಕಟ್ತಾಳೆ. ಮತ್ತೆಂತ?"

"ಅದು ಎಲ್ಲರೂ ಮಾಡೂದು."

ಮೂರು ದಿನ ಊಟಕ್ಕೆ ಉಪ್ಪಿಲ್ಲ, ಸಾರಿಗೆ ಹುಳಿಯಿಲ್ಲ. ನಾಲ್ಕನೆಯ ದಿನ ಕಚೇರಿಗೆ ಹೊರಟವರನ್ನು ಗೇಟಿನಲ್ಲಿ ನಿಲ್ಲಿಸಿ ಹೇಳಿದಳು: "ನೆಲ ಸಾರಿಸ್ತಾಳೆ. ಸೆಗಣಿ ತಂದು, ಇಡೀ ಮನೆ, ಮೂಲೆ ಮೂಲೆ."

"ನಾಳೆ ಒಡೆಯೂ ಮನೆಯಾ? ನಿಂಗೆ ಯಾರು ಹೇಳ್ದರು?"

"ಗಂಗೂ ಹೇಳ್ದಳು," ಎಂದು ನಕ್ಕು ಒಳಗೆ ಹೋದಳು.

*

ಕಳೆದ ವರ್ಷದ ಬೇಸಿಗೆಯಲ್ಲಿ ವೈಜಯಂತಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮಾತು ತೊದಲಾದರೂ ಉಳಿದಿತ್ತು. ಅವಳು ಹೇಳುತ್ತಿದ್ದಳು, ತುಳಸಿದಾಸರು ಬರೆದುಕೊಳ್ಳುತ್ತಿದ್ದರು. ಓದಿ ತೋರಿಸಿದಾಗ ಎಡಗೈಯಿಂದ ಮಂಚ ಬಡಿಯುತ್ತಿದ್ದಳು. "ಸದರಿ ಗಂಗೂ ಮನೆಯಿಂದ ನಿರ್ಗಮಿಸಿದಳು" ಎಂದು ಅವರ ಕೈ ತಾನಾಗಿ ಬರೆದುಬಿಡುತ್ತಿತ್ತು.

"ಸದರಿ ಅಲ್ಲ. ಹೊರಟಳು. ಹೊರಟಳು ಅಂತ ಬರೀರಿ."

ಮಳೆಗಾಲದ ಕೊನೆಗೆ ಎರಡನೆಯ ಸಲ ಹೊಡೆಯಿತು. ಆಮೇಲೆ ಅವಳ ಹತ್ತಿರ ಕೆಲವೇ ಶಬ್ದ ಉಳಿದವು. ನೀರು. ಬೇಡ. ಹೂಂ. ಉಪ್ಪು. ಕೆಲಸ. ಅತ್ತ ಪತ್ರಿಕೆಯವರು ಕಂತು ಕೇಳಿ ಫೋನು ಮಾಡುತ್ತಿದ್ದರು. ತುಳಸಿದಾಸರು ಎರಡು ದಿನ ಸುಳ್ಳು ಹೇಳಿದರು, ಮೂರನೆಯ ದಿನ ಹಿತ್ತಿಲ ಕಟ್ಟೆಯಲ್ಲಿ ಕೂತು ತಾವೇ ಒಂದು ಕಂತು ಬರೆದು ಅಂಚೆಗೆ ಹಾಕಿದರು. ಅದರಲ್ಲಿ ಗಂಗೂ ಪುನರ್ವಸತಿ ಕಾಲನಿಯ ಹೊಸ ಮನೆಯಲ್ಲಿ ಸಮುದ್ರದ ಸದ್ದಿಲ್ಲದೆ ನಿದ್ದೆ ಬಾರದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಅಚ್ಚಾಗಿ ಬಂದ ದಿನ ಚಂಪಾ ಎಂದಿನಂತೆ ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದಿದಳು. ತುಳಸಿದಾಸರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಓದಿ ಮುಗಿದ ಮೇಲೂ ವೈಜಯಂತಿ ಮಾಡಿನ ಹಂಚನ್ನು ನೋಡುತ್ತಿದ್ದಳು. ಆಮೇಲೆ ಕಣ್ಣು ತಿರುಗಿಸಿ ಗಂಡನನ್ನು ಹುಡುಕಿದಳು.

"ಉಪ್ಪು... ಸಾಲ್ದು," ಎಂದಳು.

ಗಂಜಿಯ ಮಾತೆಂದುಕೊಂಡು ಚಂಪಾ ಎದ್ದಳು. ವೈಜಯಂತಿ ಎಡಗೈಯಿಂದ ಪತ್ರಿಕೆಯನ್ನು ತಟ್ಟಿ ಮತ್ತೆ ಅದನ್ನೇ ಹೇಳಿದಳು. ತುಳಸಿದಾಸರು ಅಡುಗೆಮನೆಯ ಬಾಗಿಲು ಬಿಟ್ಟು ಬಂದರು. ಮಂಚದ ಹತ್ತಿರ ಹೋಗಿ, "ನಾನೇ ಬರ್ದೆ," ಎಂದರು. "ನಿಂತುಹೋಗೂದು ಬೇಡ ಅಂತ."

ಅವಳು ಬೆರಳಿನಿಂದ ಕುರ್ಚಿ ತೋರಿಸಿದಳು. ಕೂತರು. "ಅಳೂದು... ಬೇಡ," ಎಂದಳು. ಮುಂದಿನ ಶಬ್ದಕ್ಕಾಗಿ ಅವಳ ಬಾಯಿ ಬಹಳ ಹೊತ್ತು ಹುಡುಕಿತು. "ಕೆಲಸ. ಕೆಲಸ... ಕೊಡಿ."

ಅಂದಿನಿಂದ ಮಧ್ಯಾಹ್ನ ಅವರು ಗಂಗೂಗೆ ಒಂದೊಂದು ಕೆಲಸ ಕೊಟ್ಟು ಬರೆದು ಓದುತ್ತಿದ್ದರು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಗಂಗೂ ಎಲ್ಲಿ ಅತ್ತರೂ 'ಬೇಡ'. ಎಲ್ಲಿ ನಿಟ್ಟುಸಿರು ಬಿಟ್ಟರೂ 'ಬೇಡ'. ಗಂಗೂನ ಗಂಡ ತೀರಿದ ಮರುದಿನವನ್ನು ಅವರು ಬರೆದು ಹರಿದು, ಮತ್ತೆ ಬರೆದರು. ಎರಡು ಕೊಡ ಬಂದ ದಿನ ವೈಜಯಂತಿ 'ಬೇಡ' ಎನ್ನಲಿಲ್ಲ. 'ಹೂಂ' ಅಂತಲೂ ಅನ್ನಲಿಲ್ಲ. ಎಡಗೈಯನ್ನು ಅವರ ಮೊಣಕಾಲ ಮೇಲಿಟ್ಟು ಹಾಗೇ ನಿದ್ದೆ ಹೋದಳು.

ಕೊನೆಯ ಕಂತು ಮಾತ್ರ ಕೂಡಿಬರಲಿಲ್ಲ. ಗಂಗೂ ಚೆಂಡಿಯಾಕ್ಕೆ ಹೋಗಿ ಬೇಲಿಯಾಚೆಯಿಂದ ಹಳೆ ಮನೆಯ ಜಾಗ ನೋಡುತ್ತಾಳೆ ಎಂದರು. ಬೇಡ. ಮಗಳ ಮನೆಗೆ ಹೋಗುತ್ತಾಳೆ ಎಂದರು. ಬೇಡ. ನಿನ್ನೆ ಅವರಿಗೆ ಸಿಟ್ಟು ಬಂದಿತ್ತು.

"ಹಾಗಾರೆ ನೀನೇ ಹೇಳು. ಎಂತ ಮಾಡ್ತಾಳೆ ಅವಳು?"

ವೈಜಯಂತಿ ಅವರನ್ನೇ ನೋಡಿದಳು. "ನೀವು," ಎಂದಳು. ಅವಳು ಆ ಶಬ್ದವನ್ನು ಆಡಿ ತಿಂಗಳುಗಳಾಗಿದ್ದವು. ಅದಕ್ಕಿಂತ ಹೆಚ್ಚಿಗೆ ಏನೂ ಬರಲಿಲ್ಲ.

*

ಸ್ಮಶಾನದಲ್ಲಿ ಬೆಂಕಿ ಕೊಟ್ಟವರು ತುಳಸಿದಾಸರೇ. ಬೆಂಕಿ ಹಿಡಿದ ಮೇಲೆ ಗಂಡಸರು ಗಾಳಿಮರದ ನೆರಳಿಗೆ ಬಂದು ಕೂತರು. ಯಾರೋ ಮೀನಿನ ರೇಟು ಮಾತಾಡಿದರು, ಯಾರೋ ಅವರನ್ನು ಸುಮ್ಮನಿರಿಸಿದರು. ಸಮುದ್ರದ ಕಡೆಯ ಗಾಳಿಗೆ ಹೊಗೆ ಒಮ್ಮೆ ಇವರ ಕಡೆಗೆ ಬಂದು, ಮತ್ತೆ ತಿರುಗಿತು.

ಮಧುಕೇಶ್ವರ ಹೆಗಡೆಯವರು ದನಿ ತಗ್ಗಿಸಿ ಕೇಳಿದರು: "ಪತ್ರಿಕೆಯವರು ಫೋನು ಮಾಡಿದ್ರು. ಕೊನೆಯ ಕಂತೊಂದು ಉಳಿದಿದೆಯಂತೆ. ಅವರ ಬರವಣಿಗೆ ಗೊತ್ತಿದ್ದವರು ಯಾರಾದ್ರೂ ಮುಗಿಸಿ ಕೊಡಬಹುದಾ ಅಂತ. ನಾನು ಪ್ರಯತ್ನ ಮಾಡಬಹುದು. ಇವತ್ತು ಕೇಳೋ ಮಾತಲ್ಲ, ಗೊತ್ತು. ಗಂಗೂ ಕೊನೆಗೆ ಏನಾಗ್ತಾಳೆ ಅಂತ ನಿಮ್ಮ ಹತ್ರ ಹೇಳಿದ್ರಾ?"

"ಇಲ್ಲ."

"ಏನೂ ಹೇಳಲಿಲ್ವಾ?"

"ನಾನೇ ಬರೀತೆ," ಎಂದರು ತುಳಸಿದಾಸರು.

"ನೀವು?"

"ಎರಡು ಕೊಡದ್ದೂ ನಾನೇ ಬರ್ದದ್ದು. ಮಳೆಗಾಲ ಮುಗಿದ ಮೇಲಿಂದೆಲ್ಲ ನಂದೇ. ಅವಳು ಬೇಡ ಅಂದದ್ದು ತೆಗೀತಿದ್ದೆ, ಅಷ್ಟೇ."

ಹೆಗಡೆಯವರು ತುಳಸಿದಾಸರ ಹತ್ತಿರಕ್ಕೆ ಸರಿದು ಕೂತರು. ಆಮೇಲೆ ಅವರ ಹೆಗಲ ಮೇಲೆ ಕೈಯಿಟ್ಟರು.

"ಹೌದು, ಹೌದು. ಅವರು ಬರೆದದ್ದರಲ್ಲಿ ನಿಮ್ಮ ಪಾಲು ಇದ್ದೇ ಇದೆ. ಇಂಥ ದಿನ ಮನಸ್ಸು ಏನೇನೋ ಹೇಳ್ತದೆ ತುಳಸಿದಾಸರೇ. ಆ ಮಾತು ಈಗ ಬೇಡ, ಹದಿಮೂರನೇ ದಿನ ಕಳೀಲಿ."

ತುಳಸಿದಾಸರು ಬೆಂಕಿಯ ಕಡೆ ತಿರುಗಿದರು. ಚಿತೆಯ ಒಂದು ಕೊರಡು ಜಾರಿತ್ತು. ಸ್ಮಶಾನದವನು ಉದ್ದ ಗಳು ತಂದು ಅದನ್ನು ಒಳಕ್ಕೆ ನೂಕುವುದನ್ನು ನೋಡುತ್ತ ಕೂತರು.

ಮನೆಗೆ ಬಂದು ಬಾವಿಕಟ್ಟೆಯಲ್ಲಿ ಮಿಂದಾಗ ಬಿಸಿಲು ಇಳಿದಿತ್ತು. ಚಂಪಾ ಗಂಜಿ, ಉಪ್ಪಿನಕಾಯಿ ತಂದಿಟ್ಟಳು.

"ತುಳಸಣ್ಣಾ, ಆ ಹೆಗಡೇರಿಗೆ ನಾನು ಹೇಳೂದಾ? ವಾರ ವಾರ ನಾನೇ ಅಲ್ದಾ ಓದಿದ್ದು. ನಂಗೆ ಗೊತ್ತಿದ್ದು."

"ಬೇಡ ಚಂಪಾ. ನೀ ಹೋಗಿ ಮನೆ ನೋಡ್ಕಾ."

ಹೀರಾ ಗೋಡೆ ಕಡೆ ತಿರುಗಿ ಮಲಗಿದ್ದಳು. ವೈಜಯಂತಿಯ ಚಾಪೆ ಇದ್ದಲ್ಲಿ ದೀಪ ಹಚ್ಚಿದ್ದರು. ತುಳಸಿದಾಸರು ಎರಡು ಗುಟುಕು ಗಂಜಿ ಕುಡಿದು, ಯೋಗಿತಾ ಉಂಡಳೋ ಇಲ್ಲವೋ ಎಂದು ಕೇಳಲು ಹಿಂದಿನ ಬಾಗಿಲಿಗೆ ಹೋದರು.

ಯೋಗಿತಾ ಕಲ್ಲಿನ ಹತ್ತಿರ ತಾಯಿಯ ಹಾಸಿಗೆಯ ಬಟ್ಟೆಗಳನ್ನು ಒಗೆಯುತ್ತಿದ್ದಳು. ಒಂದು ಹಳೆಯ ಹತ್ತಿ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡುತ್ತಿದ್ದಳು. ನೀರು ಧಾರೆಯಾಗಿ ಇಳಿಯಿತು, ಹನಿಯಾಯಿತು, ನಿಂತಿತು. ಅವಳು ಹಿಂಡುತ್ತಲೇ ಇದ್ದಳು. ಗೆಣ್ಣುಗಳು ಬಿಳಿಯಾದವು. ಸೀರೆ ಹಗ್ಗದ ಹಾಗೆ ಹುರಿಗಟ್ಟಿ ನಡುವೆ ಗಂಟಾಗಿ ಎದ್ದಿತು.

ಹತ್ತಿರ ಹೋಗಬೇಕೆಂದು ತುಳಸಿದಾಸರಿಗೆ ಗೊತ್ತಿತ್ತು. ಒಂದು ಕಾಲು ಹೊಸ್ತಿಲಾಚೆ ಇಟ್ಟಿದ್ದರು. ಮಗಳು ಹುರಿಯನ್ನು ಬಿಚ್ಚಿ, ಕೊಡವಿ, ಮತ್ತೆ ಮೊದಲಿನಿಂದ ಹಿಂಡಲು ಶುರುಮಾಡಿದಳು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ನಿಂತು, ಗಂಗೂ ಹಿಂಡುವಾಗ ತಪ್ಪಾಗಬಾರದೆಂದು, ಮಗಳ ಎಡಗೈ ಮೇಲಿದೆಯೋ ಬಲಗೈಯೋ ಎಂದು ನೋಡುತ್ತಿದ್ದರು.