ದೇವರ ಹತ್ತಿರ ಹೇಳಿದ ಚಾಡಿ

ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ. ನಮ್ಮ ಮನೆಯವರಿಗೆ ಅದು ಏಳು ವರ್ಷ ತಡವಾಗಿ ಬಂತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಮನುಷ್ಯ. ಮದುವೆ, ಸಾವು ಬಿಟ್ಟರೆ ಚರ್ಚಿನ ಕಡೆ ತಲೆ ಹಾಕಿದವರಲ್ಲ. ಆ ಚರ್ಚಿನಲ್ಲಿ ಆರ್ಗನ್ ನುಡಿಸುವವಳು ನಾನು, ಮೂವತ್ತೆಂಟು ವರ್ಷದಿಂದ. ಭಾನುವಾರ ನನ್ನನ್ನು ಸ್ಕೂಟರಿನಲ್ಲಿ ಗೇಟಿನವರೆಗೆ ಬಿಟ್ಟು ಮನೆಗೆ ಹೋಗಿ ಪೇಪರ್ ಓದುತ್ತಿದ್ದರು. ಅದೇ ಚೆನ್ನಾಗಿತ್ತು.

ಕೆಟ್ಟದ್ದು ಒಂದು ಗೋಡೆ ಗಡಿಯಾರದಿಂದ. ಚರ್ಚಿನ ಹಿಂದಿನ ಕೋಣೆಯದು ನಿಂತುಹೋಯಿತೆಂದು ಇವರನ್ನು ಕರೆಸಿದರು. ಕೆಳಗೆ ಮಕ್ಕಳಿಗೆ ಭಾನುವಾರದ ಪಾಠ ನಡೆದಿತ್ತು. ಟೀಚರ್ ಕಳೆದುಹೋದ ಕುರಿಯ ಕಥೆ ಹೇಳುತ್ತಿದ್ದಳು. ನೂರರಲ್ಲಿ ಒಂದು ತಪ್ಪಿಸಿಕೊಂಡಿತು, ಕುರಿ ಕಾಯುವವನು ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಲು ಹೊರಟ ಎನ್ನುವಷ್ಟರಲ್ಲಿ ಹೊತ್ತಾಯಿತೆಂದು ಪಾಠ ನಿಲ್ಲಿಸಿದಳು. ಏಣಿಯ ಮೇಲಿಂದ ಇವರು, "ಟೀಚರ್, ಆಮೇಲೆ ಅದು ಸಿಕ್ತಾ?" ಎಂದು ಕೇಳಿದರಂತೆ. ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ಅರವತ್ತೇಳು ವರ್ಷದ ಗಂಡಸಿಗೆ, ಅದೂ ನನ್ನ ಗಂಡನಿಗೆ, ಆ ಕುರಿ ಸಿಕ್ಕಿತೋ ಇಲ್ಲವೋ ಗೊತ್ತಿರಲಿಲ್ಲ. ತಿಳಿದುಕೊಳ್ಳಲು ಮುಂದಿನ ವಾರ ಮತ್ತೆ ಹೋದರು.

ಆರು ತಿಂಗಳಲ್ಲಿ ದೀಕ್ಷಾಸ್ನಾನವೂ ಆಯಿತು. ತೊಟ್ಟಿಯಲ್ಲಿ ಮುಳುಗಿಸಿ ಎತ್ತಿದಾಗ ಮೂಗಿಗೆ ನೀರು ಹೋಗಿ ಎರಡು ಸಲ ಸೀನಿದರು, ಆಮೇಲೆ ಸಭೆಗೆಲ್ಲ ಹಲ್ಲು ಬಿಟ್ಟರು. ನಾನು ಹಾಡಿನ ಪುಸ್ತಕ ಮುಖಕ್ಕೆ ಅಡ್ಡ ಹಿಡಿದೆ. ಇನ್ನು ಮನೆಯಲ್ಲಿ ಇವರ ಪ್ರಾರ್ಥನೆ ಕೇಳಬೇಕು. ನಮ್ಮಪ್ಪ ಸಭೆಯ ಹಿರಿಯರಾಗಿದ್ದವರು. ಅವರು ಪ್ರಾರ್ಥಿಸಿದರೆ ಒಂದೊಂದು ಮಾತೂ ಇಸ್ತ್ರಿ ಮಾಡಿದ ಹಾಗಿರುತ್ತಿತ್ತು. ಇವರದು 'ಯೇಸಪ್ಪಾ' ಎಂದು ಶುರುವಾಗುತ್ತದೆ. ಪಕ್ಕದ ಮನೆ ನಾಯಿಯ ಕುಂಟು ಕಾಲು, ಮೇಜಿನಿಂದ ಉದುರಿದ ಸ್ಕ್ರೂ, ಮಗಳ ಆಫೀಸಿನ ಮೇಡಂನ ಸಿಡುಕು, ಎಲ್ಲವೂ ಅದರಲ್ಲಿ ಬರುತ್ತದೆ. ಸ್ಕ್ರೂ ಸಿಕ್ಕಿದರೆ ಥ್ಯಾಂಕ್ಸ್ ಬೇರೆ. ಬಾಯಿ ಬಿಟ್ಟರೆ ಬಣ್ಣಗೇಡು, ಸ್ವಲ್ಪ ಗಾಂಭೀರ್ಯ ಕಲಿಯಿರಿ ಎಂದೆ. ಮಕ್ಕಳ ಹಾಗೆ ಬನ್ನಿ ಅಂತ ಪಾದ್ರಿಗಳೇ ಹೇಳಿದ್ದಾರಲ್ಲ ಎಂದರು. ಮಕ್ಕಳ ಹಾಗೆ ಎಂದರೆ ಮೂಗು ಸುರಿಸಿಕೊಂಡು ಬರುವುದಲ್ಲ ಎಂದು ನಾನೂ ಹೇಳಿದೆ. ಮಗಳಿಗೆ ಫೋನಿನಲ್ಲಿ ದೂರು ಕೊಟ್ಟರೆ, ಅಪ್ಪ ಖುಷಿಯಾಗಿದ್ದಾರೆ ಬಿಡಮ್ಮ ಎಂದಳು.

ಈಗ ನನ್ನ ವಿಷಯ. ಎಂಟು ತಿಂಗಳಿಂದ ನನ್ನ ಬಲಗೈಯ ಕೊನೆಯ ಎರಡು ಬೆರಳು ನನ್ನ ಮಾತು ಕೇಳುತ್ತಿಲ್ಲ. ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿದರೂ ಮರದ ತುಂಡಿನ ಹಾಗೆ ನಿಂತಿರುತ್ತವೆ. ಯಾರಿಗೂ ಹೇಳಲಿಲ್ಲ, ಡಾಕ್ಟರಿಗೂ. ಹೇಳಿದರೆ ಆರ್ಗನ್ ಮುಂದಿನ ಆ ಬೆಂಚು ಹೋಗುತ್ತದೆ. ಅದು ಹೋದರೆ ನಾನು ಯಾರು? ನಿಧಾನದ ಹಾಡುಗಳನ್ನೇ ಆರಿಸಿದೆ, ಕಷ್ಟದ ಸ್ವರಗಳನ್ನು ನುಂಗಿದೆ. ಆರ್ಗನ್ ತೇವಕ್ಕೆ ಬಿಗಿದಿದೆ ಎಂದು ರಿಪೇರಿಯವನನ್ನು ಕರೆಸಿದೆ. ಅವನು ಅರ್ಧ ದಿನ ಬಿಚ್ಚಿ ನೋಡಿ ಏನೂ ಆಗಿಲ್ಲ ಅಮ್ಮ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆಯನ್ನು ನನಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

ಹೋದ ತಿಂಗಳು ಒಂದು ಭಾನುವಾರ, ಯಾರಿಗಾದರೂ ಬಾಯಿಬಿಟ್ಟು ಪ್ರಾರ್ಥಿಸಬೇಕು ಎನಿಸಿದರೆ ಪ್ರಾರ್ಥಿಸಿ ಎಂದರು ಪಾದ್ರಿಗಳು. ಸಾಮಾನ್ಯವಾಗಿ ಯಾರೂ ಏಳುವುದಿಲ್ಲ, ಅದಕ್ಕೇ ಅವರೂ ಧೈರ್ಯವಾಗಿ ಕೇಳುತ್ತಾರೆ. ನಾಲ್ಕನೇ ಸಾಲಿನಿಂದ ಇವರು ಎದ್ದರು. ಕಣ್ಣು ಬಿಗಿಯಾಗಿ ಮುಚ್ಚಿದ್ದರು.

"ಯೇಸಪ್ಪಾ, ನನ್ನ ಹೆಂಡ್ತಿ ಬಲಗೈಯಲ್ಲಿ ಎರಡು ಬೆರಳು ಕೆಲಸ ಮಾಡ್ತಿಲ್ಲ. ಅವಳು ಯಾರಿಗೂ ಹೇಳಲ್ಲ. ಕೈನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾಳೆ. ನಂಗೆ ಸಂಗೀತ ಗೊತ್ತಿಲ್ಲ, ಆದ್ರೆ ಅವಳು ಎಲ್ಲೆಲ್ಲಿ ಬಿಟ್ಟುಬಿಡ್ತಾಳೆ ಅಂತ ಕೇಳ್ಸುತ್ತೆ. ಅದನ್ನ ರಿಪೇರಿ ಮಾಡೋಕೆ ನಂಗೆ ಬರಲ್ಲ. ನೀನೇ ನೋಡು."

ಆಮೆನ್ ಎಂದು ಕೂತರು. ಇಡೀ ಸಭೆ ನನ್ನ ಕಡೆ ತಿರುಗಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮುಂದಿನ ಹಾಡು ನುಡಿಸಿದೆ, ಆದರೆ ಯಾರೂ ಸರಿಯಾಗಿ ಹಾಡಲಿಲ್ಲ. ನಾನು ಯಾವ ಸ್ವರ ಬಿಡುತ್ತೇನೆ ಎಂದು ಎಲ್ಲರೂ ಕಿವಿ ನಿಮಿರಿಸಿದ್ದರು. ಬಹಳ ಬಿಟ್ಟೆ.

ಸೋಮವಾರ ಪಾದ್ರಿಗಳು ಬಿಸ್ಕತ್ತಿನ ಪೊಟ್ಟಣ ಹಿಡಿದು ಮನೆಗೆ ಬಂದರು. ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ, ಮಕ್ಕಳ ಟೀಚರ್ ನುಡಿಸುತ್ತಾಳೆ ಎಂದರು. ಸ್ವಲ್ಪ ದಿನ ಎಂದರೆ ಎಷ್ಟು ಎಂದು ನನಗೆ ಗೊತ್ತು. ನನಗಿಂತ ಮುಂಚೆ ಇದ್ದ ಮುದುಕಿಗೂ ಹಾಗೇ ಹೇಳಿ ನನ್ನನ್ನು ಕೂರಿಸಿದ್ದರು.

ಅವರು ಹೋದ ಮೇಲೆ ಇವರ ಮೇಲೆ ಹರಿಹಾಯ್ದೆ. ಮನೆಯ ಗುಟ್ಟನ್ನು ಬೀದಿಗೆ ಹಾಕಿದಿರಿ, ಒಂದನೇ ಕ್ಲಾಸಿನ ಪೋರನ ಹಾಗೆ ದೇವರ ಹತ್ತಿರ ಚಾಡಿ ಹೇಳಿದಿರಿ ಎಂದೆ. ಇವರು ಪೆಚ್ಚಾಗಿ ಕೂತರು. ಜನರೂ ಕೇಳಿಸಿಕೊಳ್ಳುತ್ತಾರೆ ಅನ್ನೋದು ಹೊಳೀಲೇ ಇಲ್ಲ ಎಂದರು. ಸುಳ್ಳಲ್ಲ, ನಿಜವಾಗಿಯೂ ಹೊಳೆದಿರಲಿಲ್ಲ. ಅದು ನನ್ನನ್ನು ಇನ್ನಷ್ಟು ರೇಗಿಸಿತು.

"ಮೂವತ್ತೆಂಟು ವರ್ಷ ಅವನಿಗೋಸ್ಕರ ನುಡಿಸಿದ್ದೀನಿ. ನೀವು ಹೇಳದೇ ಇದ್ರೆ ಅವನಿಗೆ ಗೊತ್ತಾಗ್ತಿರಲಿಲ್ವಾ?"

"ಗೊತ್ತಿರುತ್ತೆ. ಆದ್ರೆ ನೀನು ಕೇಳಿದ್ಯಾ?"

ಇಂಥವರ ಹತ್ತಿರ ಏನು ಮಾತು ಎಂದು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮುಂದಿನ ಭಾನುವಾರ ಹೋಗದಿದ್ದರೆ ಆಡಿಕೊಳ್ಳುವವರಿಗೆ ಹಬ್ಬ. ಹೋಗಿ ನಾಲ್ಕನೇ ಸಾಲಿನಲ್ಲಿ ಇವರ ಪಕ್ಕ ಕೂತೆ. ಟೀಚರ್ ಬಸ್ಸು ತಪ್ಪಿಹೋಗುತ್ತದೇನೋ ಎನ್ನುವ ಹಾಗೆ ನುಡಿಸಿದಳು. ಜನ ಅದಕ್ಕೂ ತಲೆದೂಗಿದರು. ಈ ಜನಕ್ಕೆ ಕಿವಿ ಇರುವುದು ಕನ್ನಡಕ ಸಿಕ್ಕಿಸಲು. ಆಮೇಲೆ ಪ್ರಾರ್ಥನೆ ಎಂದರು, ಎಲ್ಲರೂ ತಲೆ ತಗ್ಗಿಸಿದರು. ನನ್ನ ಕೈ ತಾನಾಗಿಯೇ ಮುಂದಿನ ಹಾಡಿನ ಪುಟ ಹುಡುಕತೊಡಗಿತು. ಹುಡುಕಿ ಏನು ಮಾಡಲಿ? ಪುಸ್ತಕ ಮುಚ್ಚಿದೆ. ಆಗ ತಿಳಿಯಿತು. ಮೂವತ್ತೆಂಟು ವರ್ಷ ಜನ ಪ್ರಾರ್ಥಿಸಿದಾಗಲೆಲ್ಲ ನಾನು ಪುಟ ತಿರುವುತ್ತಾ ಕೂತಿದ್ದೆ. ಆಮೆನ್ ಎಂದರೆ ನನಗೆ ಇನ್ನು ನುಡಿಸು ಎಂಬ ಸನ್ನೆ, ಅಷ್ಟೆ. ಒಂದು ಭಾನುವಾರವೂ ಕಣ್ಣು ಮುಚ್ಚಿದವಳಲ್ಲ.

ಮುಚ್ಚಿದೆ. ಬಾಯಿಪಾಠವಿದ್ದ ದೊಡ್ಡ ದೊಡ್ಡ ಮಾತುಗಳು ಒಂದೂ ಬರಲಿಲ್ಲ. ನನ್ನ ಬೆರಳು ನಂಗೆ ವಾಪಸ್ ಕೊಡು ಎಂದಷ್ಟೇ ಬಂತು. ನಾಚಿಕೆಗೆ ಕಿವಿ ಬಿಸಿಯಾಯಿತು, ಆದರೆ ನಿಲ್ಲಿಸಲಾಗಲಿಲ್ಲ. ಕೊಡಲ್ಲ ಅಂದ್ರೆ ನಾನೇನು ಮಾಡ್ಲಿ? ನಂಗೆ ಬೇರೇನೂ ಬರಲ್ಲ. ಅವಳು ಎಷ್ಟು ಕೆಟ್ಟದಾಗಿ ನುಡಿಸ್ತಾಳೆ ಕೇಳಿದ್ಯಾ? ನಂಗೆ ತುಂಬಾ ಭಯ ಆಗ್ತಿದೆ.

ಯಾರೋ ಮೊಣಕೈ ತಟ್ಟಿದರು. ಇವರು. ಸಭೆಯೆಲ್ಲ ಎದ್ದು ನಿಂತು ಹಾಡುತ್ತಿತ್ತು. ಆಮೆನ್ ಯಾವಾಗ ಆಯಿತೋ ನನಗೆ ಕೇಳಿಸಿರಲಿಲ್ಲ. "ಏಳು, ಪ್ರಾರ್ಥನೆ ಮುಗೀತು" ಎಂದು ಪಿಸುಗುಟ್ಟಿದರು.

"ಸುಮ್ನಿರ್ರೀ," ಎಂದೆ, ಕಣ್ಣು ತೆರೆಯದೆ. "ನಂದಿನ್ನೂ ಮುಗಿದಿಲ್ಲ."