ಎಂಬತ್ತು ನೊಣಗಳ ಲಾಟು

ಬ್ಯಾಡಗಿಯ ಮೆಣಸಿನಕಾಯಿ ದಲಾಲ ಫಕ್ಕೀರಪ್ಪನಿಗೆ ಅರವತ್ತೆಂಟರಲ್ಲಿ ಒಂದು ಹೆದರಿಕೆ ಹೊಕ್ಕಿತ್ತು. ಹೋದ ವಾರ ಹೆಂಡತಿ ಮುತ್ತವ್ವನ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿದ್ದ. ಮೂವತ್ತು ವರ್ಷ ಪಕ್ಕದ ಅಂಗಡಿಯಲ್ಲೇ ಕೂತ ಗುಡ್ಡಪ್ಪನ ಹೆಸರು ನಾಲಿಗೆಗೆ ಬಂದಿರಲಿಲ್ಲ. ಅರವತ್ತಕ್ಕೆ ಅರಳುಮರಳು ಎಂದು ಕಂಡಕಂಡವರನ್ನು ಆಡಿಕೊಂಡವನು ಈಗ ಬಾಯಿ ಮುಚ್ಚಿಕೊಂಡಿದ್ದ.

ಎರಡು ಸಾವಿರದ ಆರರ ಆ ಬೇಸಿಗೆಯಲ್ಲೇ, ಧಾರವಾಡದಲ್ಲಿ ಎಂ.ಎಸ್ಸಿ. ಓದುವ ಮೊಮ್ಮಗಳು ಶ್ವೇತಾ ಎರಡು ಬಾಟಲಿ ನೊಣ ಹಿಡಿದುಕೊಂಡು ರಜೆಗೆ ಬಂದಳು. ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣ, ಬಾಟಲಿಗೆ ನಲವತ್ತು. ಒಂದರಲ್ಲಿದ್ದವು ಸಾದಾ. ಇನ್ನೊಂದರವಕ್ಕೆ ಮನುಷ್ಯರ ಮರೆವಿನ ರೋಗ ಅಲ್ಝೈಮರ್‌ನ ಜೀನು ಸೇರಿಸಿದ್ದರು. ಬಾಟಲಿ ಕುಟ್ಟಿದರೆ ಸಾದಾ ನೊಣ ಸರಸರ ಮೇಲೆ ಹತ್ತುತ್ತವೆ, ರೋಗದವು ತಳದಲ್ಲೇ ತಡಬಡಿಸುತ್ತವೆ. ಮರೆವಿಗೆ ಔಷಧ ಹುಡುಕುವ ಸಂಶೋಧನೆಗೆಂದು ದಿನಾ ಎಣಿಸಿ ಸೋಮವಾರ ವರದಿ ಕೊಡಬೇಕಿತ್ತು.

"ಮರವಿನ ಔಷಧಕ್ಕ ನೊಣ ಯಾಕವ್ವಾ? ನಿಮ್ಮ ಅಜ್ಜನ್ನ ಒಯ್ದಿದ್ರ ಲಗೂ ಆಗ್ತಿತ್ತು" ಎಂದಳು ಮುತ್ತವ್ವ. ಫಕ್ಕೀರಪ್ಪ ನಗಲಿಲ್ಲ.

ಶನಿವಾರ ಶ್ವೇತಾ ವರದಿ ಟೈಪ್ ಮಾಡಿಸಲು ರಾಣೇಬೆನ್ನೂರಿಗೆ ಹೋದಳು. ಸುಮ್ಮನೆ ಕೂರುವ ಜಾಯಮಾನ ಫಕ್ಕೀರಪ್ಪನದಲ್ಲ. ಬಾಟಲಿ ಕುಟ್ಟಿ ನೋಡಿದ. ಸಾದಾ ಬಾಟಲಿಯಲ್ಲೂ ಏಳೆಂಟು ತಳ ಬಿಟ್ಟೇಳಲಿಲ್ಲ. ಒಳ್ಳೆಯ ಲಾಟಿನಲ್ಲಿ ಕಳಪೆ ಮಾಲು ಕಂಡರೆ ದಲಾಲನ ಕೈ ಸುಮ್ಮನಿರುತ್ತದೆಯೇ? ಬಾಯಿಗೆ ಬಾಯಿ ಕೂಡಿಸಿ ಮೇಲೊಂದು ಖಾಲಿ ಬಾಟಲಿ ಬೋರಲು ಹಾಕಿ ಕುಟ್ಟಿಕುಟ್ಟಿ, ಎರಡರಲ್ಲೂ ಹತ್ತಿದವನ್ನೆಲ್ಲ ನಂಬರ್ ಒಂದು, ಹತ್ತದವನ್ನೆಲ್ಲ ನಂಬರ್ ಎರಡು ಎಂದು ವಿಂಗಡಿಸಿಟ್ಟ. ಮೊಮ್ಮಗಳ ಕೆಲಸ ಹಗುರಾಯಿತೆಂದು ಮೀಸೆ ತಿರುವಿಕೊಂಡ.

ಮಧ್ಯಾಹ್ನ ಬಂದ ಶ್ವೇತಾ ಅಜ್ಜನ ವಿಂಗಡಣೆಯ ಸುದ್ದಿ ಕೇಳಿ, ಬಾಟಲಿಗಳನ್ನು ಬಲ್ಬಿನ ಕೆಳಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. "ಅಜ್ಜಾ, ಎಲ್ಲಾ ಕಲಸಿಬಿಟ್ಟಿ. ರೋಗದವ್ಕ ಕಣ್ಣು ಕಿತ್ತಳಿ, ಸಾದಾದವ್ಕ ಕಡುಗೆಂಪು, ಅಷ್ಟ ಫರಕು. ಈ ಭೂತಗನ್ನಡಿಯಾಗ ನನಗ ಗೊತ್ತಾಗಂಗಿಲ್ಲ."

ತನ್ನ ತಲೆ ಕೆಟ್ಟದ್ದಕ್ಕೆ ಇನ್ನೇನು ಸಾಕ್ಷಿ ಬೇಕು ಎನಿಸಿತು ಫಕ್ಕೀರಪ್ಪನಿಗೆ. ಆದರೂ ಬಣ್ಣದ ಮಾತು ಕಿವಿಗೆ ಬಿದ್ದದ್ದೇ ಎದ್ದು ನಿಂತ. "ಮೆಣಸಿನಕಾಯಿ ಆಗ್ಲಿ ನೊಣ ಆಗ್ಲಿ, ಕೆಂಪು ಬಣ್ಣಾನ ಬಲ್ಬಿನಾಗ ನೋಡಬಾರ್ದವ್ವಾ. ಅಂಗಳಕ್ಕ ತಾ."

ಫ್ರಿಜ್ಜಿನಲ್ಲಿಟ್ಟು ಜೋಂಪು ಹತ್ತಿಸಿದ ನೊಣಗಳನ್ನು ಹತ್ತತ್ತರಂತೆ ಬಿಳಿ ಹಾಳೆಗೆ ಸುರಿದು, ಭೂತಗನ್ನಡಿ ಹಿಡಿದು ಬೇರ್ಪಡಿಸಿದ. ಶ್ವೇತಾ ಎಣಿಸಿದಳು. ನಲವತ್ತು ಕಿತ್ತಳೆ, ನಲವತ್ತು ಕಡುಗೆಂಪು.

"ನಂಬರ್ ಎರಡರಾಗ ಎಂಟು ಕಡುಗೆಂಪು ಇದ್ದೂವು" ಎಂದ ಅಜ್ಜ. "ರೋಗ ಇಲ್ಲಂದ್ರ ಮ್ಯಾಲ ಯಾಕ ಹತ್ತಲಿಲ್ಲ?"

"ಕೆಲವು ಹಂಗ ಇರ್ತಾವಜ್ಜಾ. ರೋಗ ಇರಂಗಿಲ್ಲ."

ನುಂಗಿಕೊಂಡಿದ್ದ ಮಾತು ಹೊರಬಿತ್ತು. "ಅಂದ್ರ ನಾನೂ ಬರೇ ಹಂಗ ಇರಬಹುದೇನು? ಚಪ್ಪಲಿ ಮರ್ತೆ, ಹೆಸರು ಮರ್ತೆ. ಭಾಳ ಅಂಜಿಕಿ ಆಗೈತಿ ನನಗ."

ಬಾಗಿಲಲ್ಲಿದ್ದ ಮುತ್ತವ್ವ ಹೇಳಿದಳು: "ಮದುವಿ ಆದ ತಿಂಗಳದಾಗ ನನ್ನ ಹಾವೇರಿ ಬಸ್‌ಸ್ಟ್ಯಾಂಡಿನ್ಯಾಗ ಮರ್ತು ಬಂದಿದ್ರಿ. ಚೀಲ ಮಾತ್ರ ನೆನಪಿಲೆ ತಂದಿದ್ರಿ. ಆವಾಗ ನಿಮಗ ಇಪ್ಪತ್ತಾರು ವರ್ಷ."

ಬೈಸಿಕೊಂಡು ಇಷ್ಟು ಸಂತೋಷ ಫಕ್ಕೀರಪ್ಪನಿಗೆ ಜನ್ಮದಲ್ಲಿ ಆಗಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು, "ಇನ್ನೊಮ್ಮೆ ಹೇಳು" ಎಂದ. "ಆ ಚೀಲದ್ದೂ ಹೇಳು."